ಬೇಸ್ ಗಿಟಾರ್ ಇಲ್ಲದೆ ವೈಟ್ ಸ್ಟ್ರೈಪ್ಸ್ ಹೇಗೆ ಮೇಲೆ ಬಂದರು?

ಶೀಟ್‌ರೂಮ್_ಡ್ರಮ್ಸ್:
ನಾನು ಡ್ರಮ್ಸ್, ತಮ್ಮ ಗಿಟಾರ್. ಮಹಡಿ ಮೇಲಿನ ಶೀಟ್ ರೂಮಿನಲ್ಲಿ ಪ್ರಾಕ್ಟೀಸು. ಬೇಸ್ ನುಡಿಸ್ತಿದ್ದ ಗೆಳೆಯ ಕೆಲಸ ಸಿಕ್ಕಿ ಪುಣೆಗೆ ಹೋದ. ಈಗ ಎಲ್ಲರದ್ದೂ ಒಂದೇ ಮಾತು, "ಮೊದಲು ಬೇಸ್‌ಗೆ ಒಬ್ಬನ್ನ ಹುಡುಕಿ". ಅಮೆರಿಕದ ರಾಕ್ ಬ್ಯಾಂಡ್ ವೈಟ್ ಸ್ಟ್ರೈಪ್ಸ್‌ನಲ್ಲೂ ಜ್ಯಾಕ್ ಗಿಟಾರ್, ಮೆಗ್ ಡ್ರಮ್ಸ್ ಅಂತ ಇಬ್ಬರೇ ಇದ್ರಲ್ವಾ? ಅವರಿಗೆ ಅದು ಹೇಗೆ ಸಾಧ್ಯ ಆಯ್ತು? ತಿಳಿದವರು ಹೇಳಿ.

ಹಳೇಕ್ಯಾಸೆಟ್:
2003ರಲ್ಲಿ ಹಾಸ್ಟೆಲ್ ರೂಮ್‌ಮೇಟ್ ರೈಟ್ ಮಾಡಿಕೊಟ್ಟ ಸಿಡಿಯಲ್ಲಿ ಮೊದಲು ಕೇಳಿದ್ದು. ಇವತ್ತಿಗೂ ಬಿಟ್ಟಿಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಡೆಟ್ರಾಯಿಟ್‌ನಲ್ಲಿ ಜ್ಯಾಕ್ ವೈಟ್ ಹೊಟ್ಟೆಪಾಡಿಗೆ ಮಾಡ್ತಿದ್ದಿದ್ದು ಸೋಫಾ, ಕುರ್ಚಿಗಳ ಕುಷನ್ ಕೆಲಸ. ಮೆಗ್ ಡ್ರಮ್ಸ್ ಕಲಿತವರೇ ಅಲ್ಲ. 1997ರಲ್ಲಿ ಒಂದು ದಿನ ಸುಮ್ಮನೆ ಕೂತು ಬಾರಿಸಿದ್ರು. ಮಗು ಬಾರಿಸಿದ ಹಾಗಿದ್ದ ಆ ಸರಳ ಪೆಟ್ಟೇ ಜ್ಯಾಕ್‌ಗೆ ಹಿಡಿಸಿತು. ಅದೇ ಜುಲೈ 14ಕ್ಕೆ ಗೋಲ್ಡ್ ಡಾಲರ್ ಅನ್ನೋ ಸಣ್ಣ ಬಾರ್‌ನಲ್ಲಿ ಮೊದಲ ಕಾರ್ಯಕ್ರಮ.

ಎರಡನೇ ಆಲ್ಬಮ್ ರೆಕಾರ್ಡ್ ಆಗಿದ್ದು ಜ್ಯಾಕ್ ಮನೆಯ ನಡುಮನೆಯಲ್ಲೇ. 2001ರ ಮೂರನೆಯದನ್ನ ಮೆಂಫಿಸ್‌ಗೆ ಹೋಗಿ ನಾಲ್ಕು ದಿನದೊಳಗೆ ಮುಗಿಸಿದ್ರು. ಆಮೇಲೆ ಬಿಬಿಸಿ ರೇಡಿಯೋ ನಿರೂಪಕ ಜಾನ್ ಪೀಲ್ ಇವರ ಹಾಡುಗಳನ್ನ ರೇಡಿಯೋದಲ್ಲಿ ಹಾಕಿದ್ದೇ ಹಾಕಿದ್ದು, ಇಂಗ್ಲೆಂಡ್‌ನಲ್ಲಿ ಹೆಸರಾಯ್ತು. ಅಮೆರಿಕದಲ್ಲಿ ಲೆಗೋ ಆಟಿಕೆ ಇಟ್ಟಿಗೆಗಳಲ್ಲಿ ಮಾಡಿದ ‘ಫೆಲ್ ಇನ್ ಲವ್ ವಿತ್ ಎ ಗರ್ಲ್’ ಹಾಡಿನ ವಿಡಿಯೊ ಎಂಟಿವಿಯಲ್ಲಿ ಓಡಿತು.

ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಅವರ ‘ಸೆವೆನ್ ನೇಷನ್ ಆರ್ಮಿ’ ಹಾಡಿನಲ್ಲಿ. ಶುರುವಿನಲ್ಲಿ ಕೇಳಿಸೋದು ಬೇಸ್ ಅಲ್ಲ, ಗಿಟಾರ್! ವ್ಯಾಮಿ ಅನ್ನೋ, ಸ್ವರದ ಎತ್ತರ ಬದಲಿಸೋ ಪೆಡಲನ್ನ ಕಾಲಲ್ಲಿ ಒತ್ತಿ ಸ್ವರವನ್ನ ಒಂದು ಆಕ್ಟೇವ್, ಅಂದ್ರೆ ಒಂದು ಸ್ಥಾಯಿ, ಕೆಳಗಿಳಿಸಿದ್ದಾರೆ. ಹೆಡ್‌ಫೋನ್ ಹಾಕಿ ಕೇಳಿ. ಅದರಡಿ ಮೆಗ್ ಪೆಟ್ಟು ಧಪ್, ಧಪ್ ಅಂತ ಒಂದೇ ಅಂತರದಲ್ಲಿ ಬೀಳುತ್ತೆ. ಒಂದು ರೋಲ್ (ಬಿಡದೆ ಬೇಗ ಬೇಗ ಬಾರಿಸೋದು) ಇಲ್ಲ, ಅವಸರ ಇಲ್ಲ. ಜಾಗ ಖಾಲಿ ಬಿಟ್ಟಿದ್ದಕ್ಕೇ ಗಿಟಾರ್ ಜೋರಾಗಿ ಬಂದಾಗ ಎದೆಗೆ ಗುದ್ದಿದ ಹಾಗಾಗೋದು. ಮೆಗ್‌ಗೆ ಬಾರಿಸೋಕೆ ಬರಲ್ಲ ಅನ್ನೋರ ಮಾತು ನಾನಂತೂ ಒಪ್ಪಲ್ಲ.

ಆ ಹಾಡಿರೋ ‘ಎಲಿಫೆಂಟ್’ ಆಲ್ಬಮ್ ಲಂಡನ್ನಿನ ಟೋ ರ‍್ಯಾಗ್ ಸ್ಟುಡಿಯೊದಲ್ಲಿ ಎಂಟು ಟ್ರ್ಯಾಕಿನ ಟೇಪಿನ ಮೇಲೆ ಆಗಿದ್ದು. ಕಂಪ್ಯೂಟರ್ ಮುಟ್ಟಿಲ್ಲ.

ಮೋಟಾರ್‌ಸಿಟಿ_ಕನ್ನಡಿಗ:
ಹಳೇಕ್ಯಾಸೆಟ್ ಅವರೇ, ಊರನ್ನ ಮರೆತ್ರಿ. ಡರ್ಟ್‌ಬಾಂಬ್ಸ್, ಡೆಟ್ರಾಯಿಟ್ ಕೋಬ್ರಾಸ್ ತರದ ಬ್ಯಾಂಡ್‌ಗಳು ಅಕ್ಕಪಕ್ಕದಲ್ಲೇ ಇದ್ದವು. 2001ರಲ್ಲಿ ಜ್ಯಾಕ್ ಇಂಥ ಹಲವು ಬ್ಯಾಂಡ್‌ಗಳನ್ನ ತಮ್ಮ ಮನೆಗೇ ಕರೆದು ಎಲ್ಲರದ್ದೂ ಸೇರಿಸಿ ಒಂದು ಆಲ್ಬಮ್ ಮಾಡಿದ್ರು. ತಮ್ಮಾ, ಬೇಸಿಗಿಂತ ಮೊದಲು ನಿಮ್ಮೂರಲ್ಲಿ ಇನ್ನೊಂದೆರಡು ಬ್ಯಾಂಡ್ ಹುಡುಕಿ, ಒಂದೇ ಸಂಜೆ ಎಲ್ಲರೂ ಸೇರಿ ನುಡಿಸಿ.

ಶೀಟ್‌ರೂಮ್_ಡ್ರಮ್ಸ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಗೆಳೆಯನೊಬ್ಬನ ಆಕ್ಟೇವ್ ಪೆಡಲ್ ತಂದು ನೋಡಿದ್ವಿ. ನನ್ನ ತಮ್ಮ ದಪ್ಪ ತಂತಿ ಮೀಟಿದ ಕೂಡಲೇ ತಲೆ ಮೇಲಿನ ಶೀಟೇ ಗುಂಯ್ ಅಂತು. ನಾನು ರೋಲ್ ಎಲ್ಲ ಬಿಟ್ಟು ಬರೀ ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಕೊಟ್ಟೆ. ಕೆಳಗಿಂದ ಅಮ್ಮ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ್ರು, ಇದೇ ಮೊದಲ ಸಲ. ಆದ್ರೆ ಎರಡು ತಂತಿ ಒಟ್ಟಿಗೆ ಮೀಟಿದ್ರೆ ಪೆಡಲ್‌ನಲ್ಲಿ ದನಿ ಒಡೀತಿದೆ. ಅದಕ್ಕೆ ಏನ್ ಮಾಡ್ಬೇಕು?

ಹಳೇಕ್ಯಾಸೆಟ್:
ಪೆಡಲ್ ಆನ್ ಇರುವಾಗ ಒಂದೊಂದೇ ತಂತಿ ಮೀಟಲಿ. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಬರೋ ಕಡೆ ಅದನ್ನ ಆಫ್ ಮಾಡಿ, ದನಿ ಒರಟು ಮಾಡೋ ಡಿಸ್ಟಾರ್ಷನ್ ಪೆಡಲ್ ಒತ್ತಲಿ.