72,000 ಪೌಂಡ್ ತೆರಿಗೆ: ಎಣಿಸಿದವರು ಯಾರು, ಕೊಟ್ಟವರು ಯಾರು?

ಕುತೂಹಲಿ (ಪ್ರಶ್ನೆ):
ಇಂಗ್ಲೆಂಡಿನ ಇತಿಹಾಸ 1066ರಲ್ಲಿ ಶುರುವಾಗುತ್ತದೆ ಎಂಬಂತೆ ಓದಿಕೊಂಡು ಬಂದವನು ನಾನು. ಫ್ರಾನ್ಸಿನಿಂದ ಬಂದ ನಾರ್ಮನ್ನರು ಆ ವರ್ಷ ಗೆದ್ದ ಹೇಸ್ಟಿಂಗ್ಸ್ ಕದನಕ್ಕೆ ಮುಂಚಿನ ಕಾಲವೆಂದರೆ ಹೊಗೆ ತುಂಬಿದ ಮರದ ಹಜಾರಗಳು, ಕುಡಿದು ಮಲಗಿದ ಸರದಾರರು, ದಡಕ್ಕೆ ಬಂದು ನಿಂತ ವೈಕಿಂಗ್ ಹಡಗುಗಳು. ಇಷ್ಟೇ ನನ್ನ ಕಣ್ಣ ಮುಂದೆ ಬರುವುದು. ಮೊನ್ನೆ ಒಂದು ಅಂಕಿ ಕಂಡು ತಲೆ ಕೆಟ್ಟಿತು. 1018ರಲ್ಲಿ, ಇಂಗ್ಲೆಂಡನ್ನು ಗೆದ್ದಿದ್ದ ಡೇನ್ (ಡೆನ್ಮಾರ್ಕ್ ಮೂಲದ) ದೊರೆ ಕ್ನೂಟ್ ಇಡೀ ದೇಶದಿಂದ 72,000 ಪೌಂಡ್, ಲಂಡನ್ ಒಂದರಿಂದಲೇ ಬೇರೆಯಾಗಿ 10,500 ಪೌಂಡ್ ವಸೂಲಿ ಮಾಡಿದನಂತೆ. ನಾರ್ಮನ್ನರು ಬಂದು ಆಡಳಿತ ಕಲಿಸುವ ಮೊದಲೇ ಇಷ್ಟು ಹಣವನ್ನು ಎಣಿಸಿದವರು ಯಾರು? ಯಾರ ಮನೆಯಿಂದ ತಂದರು?

ಕಡಲಕತ್ತಿ:
ಇದರಲ್ಲಿ ಆಡಳಿತ ಎಲ್ಲಿ ಬಂತು? ಕುತ್ತಿಗೆಯ ಮೇಲೆ ಕತ್ತಿ ಇಟ್ಟರೆ ಯಾರಾದರೂ ಕೊಡುತ್ತಾರೆ. 991ರಲ್ಲಿ ಮಾಲ್ಡನ್ ಕದನ ಸೋತ ಮೇಲೆ ಇಂಗ್ಲೆಂಡಿನ ದೊರೆ ಎಥೆಲ್‌ರೆಡ್ ವೈಕಿಂಗರಿಗೆ 10,000 ಪೌಂಡ್ ಕೊಟ್ಟ, 994ರಲ್ಲಿ 16,000, 1012ರ ಹೊತ್ತಿಗೆ 48,000. ಹೆದರಿದವನ ಮನೆಗೆ ಮತ್ತೆ ಮತ್ತೆ ಬಂದರು, ಅಷ್ಟೆ.

ನಿವೃತ್ತ ಲೆಕ್ಕಿಗ:
ಕತ್ತಿ ತೋರಿಸಿ ದೋಚಬಹುದು, ಒಪ್ಪಿದೆ. ಆದರೆ ಲೂಟಿಯ ಮೊತ್ತ ಎಂದೂ ಹೀಗೆ ಸೊನ್ನೆಗಳಲ್ಲಿ ಮುಗಿದು ಗುಂಡಾಗಿ ಬರುವುದಿಲ್ಲ. ಮೂವತ್ತು ವರ್ಷ ಬೇರೆಯವರ ಲೆಕ್ಕಪುಸ್ತಕಗಳಲ್ಲಿ ತಪ್ಪು ಹುಡುಕಿ ಹೊಟ್ಟೆ ಹೊರೆದವನು ನಾನು. ಗುಂಡು ಮೊತ್ತ ಕಂಡರೆ ಮೊದಲು ಅನುಮಾನಪಡುತ್ತೇನೆ, ಆಮೇಲೆ ಅದರ ಹಿಂದೆ ಪಟ್ಟಿ ಇದೆಯೇ ಎಂದು ನೋಡುತ್ತೇನೆ. ಇಲ್ಲಿ ಅನುಮಾನಕ್ಕೂ ಜಾಗವಿದೆ. ಇದನ್ನು ಬರೆದಿಟ್ಟ ಆ ಕಾಲದ ವೃತ್ತಾಂತಕಾರ ಅಂಕಿಯನ್ನು ಹಿಗ್ಗಿಸಿದ್ದಾನೆ ಎನ್ನುವ ಇತಿಹಾಸಕಾರರಿದ್ದಾರೆ, ಇಲ್ಲ ಎಂದು ವಾದಿಸುವವರೂ ಇದ್ದಾರೆ. ಪಟ್ಟಿಯಂತೂ ಇತ್ತು.

ಅದರ ಮೂಲಮಾನ ಹೈಡ್. ಒಂದು ಕುಟುಂಬದ ಜೀವನಕ್ಕೆ ಸಾಕಾಗುವ ಭೂಮಿ ಎಂಬುದು ಆ ಪದದ ಹಳೆಯ ಅರ್ಥ. ಕಾಲ ಕಳೆದಂತೆ ಅದು ನೆಲದ ಅಳತೆಗಿಂತ ಹೆಚ್ಚಾಗಿ ತೆರಿಗೆಯ ಅಳತೆಯಾಯಿತು. ಹೈಡ್‌ಗಳ ಮೇಲೆ ನಮ್ಮ ಹೋಬಳಿಯಂಥ ಹಂಡ್ರೆಡ್, ಹಂಡ್ರೆಡ್‌ಗಳ ಮೇಲೆ ಜಿಲ್ಲೆಯಂಥ ಶೈರ್. ಡೇನರು ನೆಲೆಸಿದ ಕಡೆಗಳಲ್ಲಿ ಹಂಡ್ರೆಡ್‌ಗೆ ವಾಪನ್‌ಟೇಕ್ ಎಂದು ಹೆಸರು. ದೊರೆ ಇಷ್ಟು ಬೇಕೆಂದರೆ ಆ ಮೊತ್ತ ಈ ಮೆಟ್ಟಿಲುಗಳನ್ನು ಇಳಿದು ಒಂದೊಂದು ಹಳ್ಳಿಯ ತಲೆಯ ಮೇಲೆ ಬಂದು ಕೂರುತ್ತಿತ್ತು.

ಈ ಎಣಿಕೆ ಎಷ್ಟು ನಿಜ ಎನ್ನುವಿರೋ, ವಿಂಚೆಸ್ಟರ್ ಗೋಡೆಯನ್ನು ನೋಡಿ. ಹತ್ತನೆಯ ಶತಮಾನದ ಆರಂಭದ ಒಂದು ಕೋಟೆಪಟ್ಟಿಯಲ್ಲಿ ಆ ಪಟ್ಟಣಕ್ಕೆ 2,400 ಹೈಡ್ ಬರೆದಿದೆ. ಕಾವಲಿಗೆ ಹೈಡಿಗೆ ಒಬ್ಬ ಆಳು, ಹದಿನಾರೂವರೆ ಅಡಿ ಗೋಡೆಗೆ ನಾಲ್ವರು. ಭಾಗಿಸಿ, ಗುಣಿಸಿ: 9,900 ಅಡಿ. ಅಲ್ಲಿನ ರೋಮನ್ ಕಾಲದ ಗೋಡೆಯನ್ನು ಈಗ ಅಳೆದರೆ ಇದಕ್ಕಿಂತ ಕೆಲವು ಹತ್ತು ಅಡಿಗಳಷ್ಟೇ ಹೆಚ್ಚು. ನಾನು ತಪಾಸಣೆ ಮಾಡಿದ ಒಂದು ಉಗ್ರಾಣದ ದಾಸ್ತಾನು ಕೂಡ ಇಷ್ಟು ಹತ್ತಿರ ಬಂದಿರಲಿಲ್ಲ.

ಇನ್ನು ಹಣ. ಪೌಂಡ್ ಎಂಬ ನಾಣ್ಯವೇ ಇರಲಿಲ್ಲ, ಅದು ಲೆಕ್ಕದ ಹೆಸರು ಮಾತ್ರ. ಕೈಯಲ್ಲಿ ಓಡಾಡುತ್ತಿದ್ದದ್ದು ಬೆಳ್ಳಿಯ ಪೆನ್ನಿ, 240 ಪೆನ್ನಿಗೆ ಒಂದು ಪೌಂಡ್. ಹಾಗಾಗಿ 72,000 ಪೌಂಡ್ ಎಂದರೆ 1 ಕೋಟಿ 72 ಲಕ್ಷ 80 ಸಾವಿರ ಪೆನ್ನಿ. ಚಿಲ್ಲರೆ ಬೇಕಾದರೆ ಹಿಂಬದಿಯ ಶಿಲುಬೆಯ ಗೆರೆಯಗುಂಟ ಎರಡು ಅಥವಾ ನಾಲ್ಕು ಹೋಳು ಮಾಡುತ್ತಿದ್ದರು. ಸುಮಾರು 973ರಲ್ಲಿ ಎಡ್ಗರ್ ದೊರೆ ನಾಣ್ಯವನ್ನು ಸುಧಾರಿಸಿದ ಮೇಲೆ ಕೆಲವು ವರ್ಷಗಳಿಗೊಮ್ಮೆ ಹಳೆಯದನ್ನು ಹಿಂಪಡೆದು ಹೊಸ ಅಚ್ಚಿನಲ್ಲಿ ಹೊಡೆಯುವ ಪದ್ಧತಿ ಬಂತು. ಒಂದು ಮುಖದಲ್ಲಿ ದೊರೆ. ಇನ್ನೊಂದರಲ್ಲಿ ಅಚ್ಚು ಹಾಕಿದವನ ಹೆಸರು ಮತ್ತು ಅವನ ಊರು. ನನ್ನಂಥವನಿಗೆ ಇದಕ್ಕಿಂತ ಸುಖದ ವಿಷಯವಿಲ್ಲ: ಕಲಬೆರಕೆ ಮಾಡಿದವನ ಹೆಸರು, ವಿಳಾಸ ಮಾಲಿನ ಮೇಲೆಯೇ ಇದೆ! ಅದಕ್ಕೂ ಹಿಂದೆಯೇ ಎಥೆಲ್‌ಸ್ಟನ್ ದೊರೆಯ ಶಾಸನ ಅಂಥವನ ಕೈ ಕಡಿದು ಟಂಕಸಾಲೆಯ ಮೇಲೆ ತೂಗುಹಾಕಬೇಕೆಂದು ಹೇಳಿತ್ತು. ಈ ಪೆನ್ನಿಗಳು ಸ್ವೀಡನ್ನಿನ ಮಣ್ಣಿನಲ್ಲಿ ರಾಶಿ ರಾಶಿಯಾಗಿ ಸಿಕ್ಕಿವೆ. ಕೆಲವು ಕಪ್ಪವಾಗಿ ಹೋದವು, ಕೆಲವು ಕೂಲಿಯಾಗಿ, ಕೆಲವು ವ್ಯಾಪಾರಕ್ಕೆ.

ನಾರ್ಮನ್ನರು ಆಡಳಿತ ಕಲಿಸಿದರು ಎನ್ನುವ ಮಾತನ್ನು ದಯವಿಟ್ಟು ಬಿಡಿ. 1086ರಲ್ಲಿ ನಾರ್ಮನ್ ದೊರೆ ವಿಲಿಯಂ ಮಾಡಿಸಿದ ಡೂಮ್ಸ್‌ಡೇ ಎಂಬ ಭೂಮಿಯ ಲೆಕ್ಕ ನಡೆದದ್ದು ಹಳೆಯ ಶೈರ್, ಹಂಡ್ರೆಡ್, ಹೈಡ್‌ಗಳ ಮೇಲೆಯೇ. ನಾರ್ಮನ್ನರು ಬರುವ ಮುಂಚೆ ಆಳಿದ ಎಡ್ವರ್ಡ್ ದೊರೆಯ ಕಾಲದಲ್ಲಿ ಈ ಭೂಮಿ ಯಾರದು, ಬೆಲೆ ಎಷ್ಟು ಎಂದು ಅವರು ಕೇಳಿದರು. ಉತ್ತರ ಹೇಳಬಲ್ಲ ಜನ ಅಲ್ಲಿದ್ದರು.

ಹೊಲದಬದು:
ಲೆಕ್ಕ ಚೊಕ್ಕವಾಗಿತ್ತು ಸರಿ. ಆ 1 ಕೋಟಿ 72 ಲಕ್ಷ ಪೆನ್ನಿಯನ್ನು ದುಡಿದವನ ಹೆಸರು ಯಾವ ನಾಣ್ಯದ ಮೇಲೂ ಇಲ್ಲವಲ್ಲ?

ನಿವೃತ್ತ ಲೆಕ್ಕಿಗ:
ಇಲ್ಲ. ನಾನು ಗೋಡೆಯ ಲೆಕ್ಕ ಕಂಡ ಉತ್ಸಾಹದಲ್ಲಿ ಅವನನ್ನು ಮರೆತದ್ದು ನಿಜ. ಆ ಕಾಲದ ಒಂದು ಜಮೀನು ಕಟ್ಟಳೆಯಲ್ಲಿ ಗೆಬುರ್ ಎಂಬ ಒಕ್ಕಲಿನವನ ಪಾಡು ಬರೆದಿಟ್ಟಿದ್ದಾರೆ. ವರ್ಷವಿಡೀ ವಾರಕ್ಕೆ ಎರಡು ದಿನ ಒಡೆಯನ ಕೆಲಸ, ಸುಗ್ಗಿಯಲ್ಲಿ ಮೂರು ದಿನ. ಸೆಪ್ಟೆಂಬರ್ ಕೊನೆಯ ಮೈಕಲ್ ಹಬ್ಬಕ್ಕೆ ಹತ್ತು ಪೆನ್ನಿ, ನವೆಂಬರಿನ ಮಾರ್ಟಿನ್ ಹಬ್ಬಕ್ಕೆ ಬಾರ್ಲಿ ಮತ್ತು ಎರಡು ಹೇಂಟೆ, ಈಸ್ಟರಿಗೆ ಒಂದು ಎಳೆಯ ಕುರಿ ಇಲ್ಲವೇ ಎರಡು ಪೆನ್ನಿ. ಒಕ್ಕಲು ಕೂರಿಸುವಾಗ ಒಡೆಯ ಎರಡು ಎತ್ತು, ಒಂದು ಹಸು, ಆರು ಕುರಿ, ಬಿತ್ತನೆಯಾದ ಏಳು ಎಕರೆ ಕೊಡುತ್ತಿದ್ದ. ಸತ್ತಾಗ ಅವನು ಬಿಟ್ಟುಹೋದದ್ದನ್ನು ಒಡೆಯನೇ ನೋಡಿಕೊಳ್ಳುತ್ತಿದ್ದ. ‘ನೋಡಿಕೊಳ್ಳುವುದು’ ಎಂಬ ಪದ ಬಹಳ ಸಭ್ಯವಾಗಿದೆ. ಅವನಿಗಿಂತಲೂ ಕೆಳಗಿನ ಸ್ಥಿತಿಯಲ್ಲಿ ಗುಲಾಮರಿದ್ದರು. ಬ್ರಿಸ್ಟಲ್ ಬಂದರಿನಿಂದ ಅವರನ್ನು ಐರ್ಲೆಂಡಿಗೆ ಮಾರುತ್ತಿದ್ದರು. ಭೂಮಿ ಇದ್ದವನೂ ತೆರಿಗೆ ಕಟ್ಟಲಾಗದಿದ್ದರೆ ಭೂಮಿಯನ್ನೇ ಕಳೆದುಕೊಳ್ಳಬಹುದಿತ್ತು, ಅವನ ಪಾಲನ್ನು ಕಟ್ಟಿದವನು ಅದಕ್ಕೆ ಒಡೆಯನಾಗುತ್ತಿದ್ದ. ಸೈನ್ಯದ ಹೆಸರಿನ ವಾರ್ಷಿಕ ತೆರಿಗೆಯನ್ನು ಎಡ್ವರ್ಡ್ 1051ರಲ್ಲಿ ನಿಲ್ಲಿಸಿದಾಗ ಜನ ನಿಟ್ಟುಸಿರು ಬಿಟ್ಟಿರಬೇಕು.

ಕುತೂಹಲಿ:
ಧನ್ಯವಾದಗಳು. ಹಾಗಾದರೆ ಶೈರ್ ಸಭೆ ಎಂದರೆ ತೆರಿಗೆ ಹಂಚುವ ಜಾಗ ಮಾತ್ರವೇ?

ನಿವೃತ್ತ ಲೆಕ್ಕಿಗ:
ಅಲ್ಲ, ಮನೆಜಗಳಗಳೂ ಅಲ್ಲಿಗೆ ಬರುತ್ತಿದ್ದವು. ಕ್ನೂಟನ ಕಾಲದಲ್ಲಿಯೇ ಹೆರಿಫರ್ಡ್‌ಶೈರ್ ಸಭೆಗೆ ಎಡ್ವಿನ್ ಎಂಬವನು ಬಂದು ತನ್ನ ತಾಯಿಯ ಭೂಮಿಯಲ್ಲಿ ಪಾಲು ಕೇಳಿದ. ಬಿಷಪ್, ಶೈರಿನ ಅಧಿಕಾರಿಯಾದ ಶೆರಿಫ್ ಎಲ್ಲರೂ ಇದ್ದರು. ತಾಯಿ ಇರಲಿಲ್ಲ. ಸಭೆ ಮೂವರು ಥೇನ್‌ಗಳನ್ನು, ಅಂದರೆ ಭೂಮಾಲೀಕ ಪ್ರಮುಖರನ್ನು, ಆಕೆಯ ಬಳಿಗೆ ಕುದುರೆಯ ಮೇಲೆ ಕಳುಹಿಸಿತು. ಆಕೆ ಕೆಂಡವಾದಳು. ಪಕ್ಕದಲ್ಲಿ ಕುಳಿತಿದ್ದ ನೆಂಟಳಾದ ಲಿಯೋಫ್ಲೆಡ್‌ಳನ್ನು ತೋರಿಸಿ, ತನ್ನ ಭೂಮಿ, ಚಿನ್ನ, ಬಟ್ಟೆಬರೆ ಎಲ್ಲವೂ ತನ್ನ ನಂತರ ಇವಳಿಗೆ, ಮಗನಿಗೆ ಏನೂ ಇಲ್ಲ ಎಂದಳು. ಥೇನ್‌ಗಳಿಗೆ ತಕ್ಕಂತೆ ನಡೆದುಕೊಂಡು ಈ ಮಾತನ್ನು ಸಭೆಗೆ ಮುಟ್ಟಿಸಿ ಎಂದು ಆ ಮೂವರಿಗೂ ಬುದ್ಧಿ ಹೇಳಿ ಕಳುಹಿಸಿದಳು. ಸಭೆ ಆಕೆಯ ಮಾತನ್ನೇ ಎತ್ತಿಹಿಡಿಯಿತು.

ಲಿಯೋಫ್ಲೆಡ್‌ಳ ಗಂಡ ಥರ್ಕಿಲ್ ಜಾಣ. ಆ ಸಭೆಯಲ್ಲಿ ತಾಯಿಯ ಪರ ಉತ್ತರ ಹೇಳಬೇಕಾಗಿದ್ದವನೂ ಅವನೇ (ಈ ಭಾಗ ಓದಿದಾಗ ನನ್ನ ಹುಬ್ಬು ಮೇಲೇರಿತ್ತು). ತೀರ್ಪಾದ ಕೂಡಲೇ ಹೆರಿಫರ್ಡ್ ಚರ್ಚಿಗೆ ಹೋಗಿ ಅದನ್ನು ಅಲ್ಲಿನ ಸುವಾರ್ತೆಯ ಪುಸ್ತಕವೊಂದರಲ್ಲಿ ಬರೆಸಿದ. ಪುಸ್ತಕ ಇಂದಿಗೂ ಅಲ್ಲಿಯೇ ಇದೆ. ಮಗನ ಹೆಸರು, ನೆಂಟಳ ಹೆಸರು, ಬಂದಿದ್ದ ಥೇನ್‌ಗಳ ಹೆಸರು ಎಲ್ಲ ಸಿಗುತ್ತವೆ. ಆ ತಾಯಿಯ ಹೆಸರನ್ನು ಮಾತ್ರ ಬರೆದಿಲ್ಲ.