ಸ್ಕ್ರೀನ್ ಕರ್ರಗಾಗಿ ವಾಪಸ್ ಬರ್ಲತ್ತದ, ನಡುವ ನೀಲಿ ಸ್ಕ್ರೀನ್ – ಡ್ರೈವರ್ ಕೆಟ್ಟದೋ ಕಾರ್ಡೇ ಹೋಗ್ಯಾದೋ?

ಸೇಡಂರೋಡ್_ಸ್ಟುಡಿಯೋ (ಕಲಬುರಗಿ):
ಎಲ್ಲರಿಗೂ ಶರಣ್ರಿ. ನಂದು ಸಣ್ಣ ಫೋಟೋ ಸ್ಟುಡಿಯೋ ಅದ, ಮದುವಿ ಸೀಜನ್ ಚಾಲೂ ಆಗ್ಯಾದ, ಬರೋಬ್ಬರಿ ಈ ಟೈಮಿಗೇ ಎಡಿಟಿಂಗ್ ಸಿಸ್ಟಮ್ ಕೈ ಕೊಡ್ಲತ್ತದ. ಟೈಮ್‌ಲೈನ್ ಮ್ಯಾಲ ಎಫೆಕ್ಟ್ ಹಾಕಿ ಪ್ಲೇ ಮಾಡಿದ್ರ ಸಾಕು ಸ್ಕ್ರೀನ್ ಪೂರಾ ಕರ್ರಗ ಆಗ್ತದ, ಥೋಡೆ ಹೊತ್ತಿಗೆ ತಾನೇ ವಾಪಸ್ ಬರ್ತದ, ಬಂದ ಮ್ಯಾಲ ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಬಂದ್ ಬಿದ್ದಿರ್ತದ. ರೆಂಡರ್‌ಗೆ ಹಚ್ಚಿದ್ರ ಇನ್ನೂ ಕೆಟ್ಟ, ನೀಲಿ ಸ್ಕ್ರೀನ್ ಬಂದು 'ವಿಡಿಯೋ ಟಿಡಿಆರ್ ಫೇಲ್ಯೂರ್' ಅಂತ ತೋರಿಸ್ತದ, ಬಾಜೂಕ ಡಾಟ್ ಸಿಸ್ ಅಂತ ಮುಗಿಯೋ ಒಂದು ಫೈಲಿನ ಹೆಸರು ಇರ್ತದ, ಪೂರ್ತಿ ಓದೋದ್ರೊಳಗ ರೀಸ್ಟಾರ್ಟ್ ಆಗಿಬಿಡ್ತದ.

ಐ5, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ವಿಂಡೋಸ್ 10. ಹೋದ ವರ್ಷ ಇದೇ ಸಿಸ್ಟಮ್ ಮ್ಯಾಲ ಎಲ್ಲಾ ಮದುವಿ ಮಾಡೀನಿ, ಒಂದಿನಾನೂ ತಕರಾರು ಮಾಡಿಲ್ಲ. ರಿಪೇರಿ ಅಂಗಡ್ಯಾಗ ತೋರಿಸಿದ್ರ ಡಬ್ಬಿ ತೆರದೂ ನೋಡ್ಲಿಲ್ಲ, ಕಾರ್ಡ್ ಹೋಗ್ಯಾದ ಹೊಸಾದು ಹಾಕ್ಸ್ರಿ ಅಂದ್ರು. ಸೀಜನ್ ರೊಕ್ಕ ಇನ್ನೂ ಕೈಗೆ ಬಂದಿಲ್ಲ, ಸುಮ್ಮನ ಖರ್ಚು ಮಾಡಾಕ ಮನಸ್ಸಿಲ್ಲ. ಖರೇನೇ ಕಾರ್ಡ್ ಹೋಗ್ಯಾದಾ? ಹೆಂಗ ಗೊತ್ತು ಮಾಡ್ಕೋಬೇಕು? ನಾಳಿಗೆ ಒಂದು ಅರಿಶಿಣ ಕಾರ್ಯದ ವಿಡಿಯೋ ಕೊಡೋದದ, ಜಲ್ದಿ ಹೇಳ್ರಿ.

ಭಾಲ್ಕಿ_ಹುಡ್ಗ:
ಅಣ್ಣಾ, ಮೊದಲ ಕಾರ್ಡ್ ತಗದು ಧೂಳಾ ಸಾಫ್ ಮಾಡು, ಈ ಬಿಸಲಿಗೆ ಎಲ್ಲಾ ಕಾರ್ಡೂ ಹಿಂಗೇ ಮಾಡ್ತಾವ. ಅದಕ್ಕೂ ಆಗ್ಲಿಲ್ಲ ಅಂದ್ರ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡೋ ಜಾಗ) ಒಳಗ ಗ್ರಾಫಿಕ್ಸ್ ಡ್ರೈವರ್ಸ್ ಅನ್ನೋ ಫೋಲ್ಡರ್ ಅದ, ಅಲ್ಲಿ ಟಿಡಿಆರ್ ಡಿಲೇ ಅಂತ ಒಂದು ವ್ಯಾಲ್ಯೂ ಮಾಡಿ 10 ಇಡು, ಕರ್ರಗ ಆಗೋದು ನಿಂತೋಗ್ತದ. ನಂದು ಹಂಗೇ ಮಾಡೀನಿ, ಈಗ ಆರಾಮ್ ನಡದದ.

ಬೀದರ್_ಹಾರ್ಡ್‌ವೇರ್:
ಸ್ಟುಡಿಯೋದವ್ರೇ, ಕಾರ್ಡ್ ಖರೀದಿ ಮಾಡೋದು ಸದ್ಯಕ್ಕ ಬಿಡ್ರಿ. ನೀವು ಹೇಳಿದ್ದು ನೋಡಿದ್ರ ಡ್ರೈವರ್ (ವಿಂಡೋಸ್ ಕಡಿಂದ ಕಾರ್ಡ್ ನಡಸೋ ಸಾಫ್ಟ್‌ವೇರ್) ಮ್ಯಾಲೇ ನನ್ನ ಗುಮಾನಿ ಜಾಸ್ತಿ, ಆದ್ರ ಅದನ್ನೂ ನೋಡಿ ಪಕ್ಕಾ ಮಾಡ್ಕೋಬೇಕು.

ಅಲ್ಲಿ ಆಗ್ಲತ್ತಿದ್ದು ಏನಂದ್ರ, ವಿಸ್ಟಾ ಬಂದಾಗಿಂದ ವಿಂಡೋಸ್ ಒಳಗ ಒಂದು ಕಾವಲಿ ಅದ, ಅದಕ್ಕೇ ಟಿಡಿಆರ್ ಅಂತಾರ. ಕಾರ್ಡಿಗೆ ಕೆಲಸ ಕೊಟ್ಟು 2 ಸೆಕೆಂಡ್ ಕಾಯ್ತದ, ಅಷ್ಟರೊಳಗ ಜವಾಬ್ ಬರ್ಲಿಲ್ಲ ಅಂದ್ರ ಕಾರ್ಡ್ ರೀಸೆಟ್ ಮಾಡಿ ಡ್ರೈವರನ್ನ ಹೊಸದಾಗಿ ಎಬ್ಬಸ್ತದ. ನಿಮ್ಮ ಸ್ಕ್ರೀನ್ ಕರ್ರಗಾಗಿ ವಾಪಸ್ ಬರೋದು ಅದೇ. ಎಬ್ಬಸ್ಲಿಕ್ಕೂ ಆಗ್ಲಿಲ್ಲ ಅಂದಾಗ ನೀಲಿ ಸ್ಕ್ರೀನ್ ಬರ್ತದ, ಅದರ ಕೋಡ್ 0ಎಕ್ಸ್116. ಡಾಟ್ ಸಿಸ್ ಫೈಲಿನ ಹೆಸರು ಎನ್‌ವಿ ಅಕ್ಷರದಿಂದ ಚಾಲೂ ಆದ್ರ ಎನ್‌ವಿಡಿಯಾ ಡ್ರೈವರ್, ಎಎಮ್‌ಡಿ ಇಂದ ಆದ್ರ ಎಎಮ್‌ಡಿ, ಐಜಿಡಿ ಇಂದ ಆದ್ರ ಇಂಟೆಲ್ ಒಳಗಿನ ಗ್ರಾಫಿಕ್ಸು. ಆದ್ರ ಹೆಸರು ಬಂತು ಅಂದ ಕೂಡ್ಲೇ ತಪ್ಪು ಅದರದೇ ಅಂತ ತಿಳೀಬ್ಯಾಡ್ರಿ, ಕಾರ್ಡ್ ಸುಟ್ಟಿದ್ರೂ ಅದೇ ಹೆಸರು ಬರ್ತದ, ಪವರ್ ಸಪ್ಲೈ ಸಾಲ್ಲಿಲ್ಲ ಅಂದ್ರೂ ಅದೇ ಬರ್ತದ.

ಅದಕ್ಕ ಮೊದಲ ಒಂದು ಕೆಲಸ ಮಾಡ್ರಿ. ರೀಸ್ಟಾರ್ಟ್ ಮಾಡಿ ಬಯಾಸ್ (ವಿಂಡೋಸ್ ಚಾಲೂ ಆಗೋಕಿಂತ ಮೊದಲಿನ ಸೆಟ್ಟಿಂಗ್ ಸ್ಕ್ರೀನ್) ಒಳಗ ಹೋಗಿ ಥೋಡೆ ಹೊತ್ತು ಹಂಗೇ ಬಿಡ್ರಿ. ಬಯಾಸ್ ಒಳಗ ವಿಂಡೋಸ್ ಡ್ರೈವರ್ ಇರಂಗೇ ಇಲ್ಲ. ಅಲ್ಲೂ ಗೆರಿ, ಚುಕ್ಕಿ, ಬಣ್ಣದ ಚೌಕ ಬಂದ್ರ ಕಾರ್ಡೋ ಕೇಬಲ್ಲೋ ಮಾನಿಟರೋ ಕೆಟ್ಟದ, ಡ್ರೈವರ್ ಬದಲ್ ಮಾಡಿ ಏನೂ ಉಪಯೋಗ ಇಲ್ಲ. ಅಲ್ಲಿ ಸಾಫ್ ಇತ್ತಂದ್ರ ಸ್ಟಾರ್ಟ್ ಒಳಗ 'ರಿಲಯಬಿಲಿಟಿ ಹಿಸ್ಟರಿ' ಅಂತ ಹುಡುಕಿ ತೆರೀರಿ. ದಿನದ ಪ್ರಕಾರ ಪಟ್ಟಿ ಬರ್ತದ, ಕ್ರ್ಯಾಶ್ ಆದ ದಿನ ಕೆಂಪು ಗುರ್ತು, ಯಾವಾಗ ಯಾವ ಅಪ್‌ಡೇಟ್, ಯಾವ ಡ್ರೈವರ್ ಬಂತು ಅದೂ ಅಲ್ಲೇ ಇರ್ತದ. ಕೆಂಪು ಚಾಲೂ ಆಗಿದ್ದು ಯಾವ ದಿನದಿಂದ, ಅದರ ಹಿಂದಿನ ದಿನ ಏನು ಬಂದದ, ಇವೆರಡು ಬಾಜೂ ಬಾಜೂ ಇಟ್ಟು ನೋಡ್ರಿ.

ಇನ್ನೊಂದು, ಇವೆಂಟ್ ವ್ಯೂವರ್ ಒಳಗ ಸಿಸ್ಟಮ್ ಲಾಗ್ ತೆರೀರಿ. 4101 ನಂಬರ್ ಇದ್ರ ಡಿಸ್‌ಪ್ಲೇ ಡ್ರೈವರ್ ಬಿದ್ದು ಎದ್ದದ ಅಂತ ಅರ್ಥ. ಕರ್ನೆಲ್ ಪವರ್ 41 ಇದ್ರ ಡೀಟೇಲ್ಸ್ ಒಳಗ ಬಗ್‌ಚೆಕ್ ಕೋಡ್ (ನೀಲಿ ಸ್ಕ್ರೀನಿನ ನಂಬರ್) ನೋಡ್ರಿ. 278 ಇತ್ತಂದ್ರ ಅದು ಇದೇ 0ಎಕ್ಸ್116, ಅಲ್ಲಿ ದಶಮಾಂಶದಾಗ ಬರದಿರ್ತಾರ ಅಷ್ಟೇ. ಸೊನ್ನಿ ಇದ್ದು ನೀಲಿ ಸ್ಕ್ರೀನೂ ಬರಲಾರದ ಸಿಸ್ಟಮ್ ಟಪ್ ಅಂತ ಆಫ್ ಆಗಿದ್ರ ಕರೆಂಟ್ ಇಲ್ಲಾ ಎಸ್‌ಎಂಪಿಎಸ್ (ಸಿಸ್ಟಮಿಗೆ ಕರೆಂಟ್ ಕೊಡೋ ಡಬ್ಬಿ) ಕಡಿ ನೋಡ್ಬೇಕು. ನಮ್ಮ ಕಡಿ ಬ್ಯಾಸಗಿಯೊಳಗ ವೋಲ್ಟೇಜ್ ಏರಿಳಿತ ಇದ್ದೇ ಇರ್ತದ, ಯುಪಿಎಸ್ ಇಲ್ಲದ ಎಡಿಟಿಂಗ್ ಸಿಸ್ಟಮ್ ನಡಸಬ್ಯಾಡ್ರಿ.

ಭಾಲ್ಕಿ ತಮ್ಮಾ, ಧೂಳಾ ಸಾಫ್ ಮಾಡೋದು ಛಲೋ ಮಾತು. ಆದ್ರ ಟಿಡಿಆರ್ ಡಿಲೇ ಹೆಚ್ಚು ಮಾಡೋದು ಹಲ್ಲು ನೋವಿಗೆ ಲವಂಗ ಇಟ್ಟಂಗ. ಭಾರಿ ರೆಂಡರ್ ಒಳಗ ಕಾರ್ಡಿಗೆ ಖರೇನೇ 2 ಸೆಕೆಂಡ್ ಸಾಲ್ಲಿಲ್ಲ ಅಂದ್ರ ಅದು ಉಪಯೋಗಕ್ಕ ಬರ್ತದ, ಒಪ್ತೀನಿ. ಆದ್ರ ಡ್ರೈವರೇ ಸಿಕ್ಕೊಂಡಿದ್ರ 2 ಸೆಕೆಂಡ್ ಬದ್ಲಿ 10 ಸೆಕೆಂಡ್ ಹ್ಯಾಂಗ್ ಆಗಿ ಆಮ್ಯಾಲ ಬೀಳ್ತದ. ಆ ವ್ಯಾಲ್ಯೂಗಳು ಡ್ರೈವರ್ ಮಾಡೋರ ಟೆಸ್ಟಿಂಗ್ ಸಲುವಾಗಿ ಅವ ಅಂತ ಮೈಕ್ರೋಸಾಫ್ಟೇ ಬರದದ.

ಶಹಾಪುರ_ಎಡಿಟರ್ (ಯಾದಗಿರಿ ಜಿಲ್ಲಾ):
ನಾಳಿನ ಕೆಲಸಕ್ಕ ದಾರಿ ಹೇಳ್ತೀನಿ ಅಣ್ಣಾ. ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಇದ್ದ್ರ ಪ್ರಾಜೆಕ್ಟ್ ಸೆಟ್ಟಿಂಗ್ಸ್ ಒಳಗ ಜನರಲ್‌ಗೆ ಹೋಗಿ ರೆಂಡರರ್ ಅನ್ನೋದನ್ನ 'ಸಾಫ್ಟ್‌ವೇರ್ ಓನ್ಲಿ'ಗೆ ಇಡು. ಎಫೆಕ್ಟ್ ಕೆಲಸ ಎಲ್ಲಾ ಪ್ರೊಸೆಸರ್ ಮ್ಯಾಲ ಬೀಳ್ತದ, ಎಕ್ಸ್‌ಪೋರ್ಟ್ ಒಳಗೂ ಹಾರ್ಡ್‌ವೇರ್ ಎನ್‌ಕೋಡಿಂಗ್ ಬದ್ಲಿ ಸಾಫ್ಟ್‌ವೇರ್ ಎನ್‌ಕೋಡಿಂಗ್ ಇಡು. ಭಾಳ ನಿಧಾನ ಆಗ್ತದ, ಆದ್ರ ರಾತ್ರಿ ಹಚ್ಚಿ ಮಲಗಿದ್ರ ಮುಂಜಾನಿಗೆ ಫೈಲ್ ಬಂದಿರ್ತದ. ಗಿರಾಕಿ ಕೆಲಸ ಮೊದಲ ಮುಗಸು, ಡ್ರೈವರ್ ಆಟ ಆಮ್ಯಾಲ ಆಡು, ಡೆಡ್‌ಲೈನ್ ಹಿಂದಿನ ರಾತ್ರಿ ಡ್ರೈವರ್‌ಗೆ ಕೈ ಹಚ್ಚಬಾರ್ದು.

ಸೇಡಂರೋಡ್_ಸ್ಟುಡಿಯೋ:
ಶಹಾಪುರ ಅಣ್ಣಗ ದೊಡ್ಡ ಶರಣು, ಸಾಫ್ಟ್‌ವೇರ್ ಓನ್ಲಿ ಇಟ್ಟು ಹಚ್ಚೀನಿ, ನಡುವ ಬೀಳಲಾರದ ಮುಗೀತು, ವಿಡಿಯೋ ಕೊಟ್ಟು ಬಂದೀನಿ.

ಬೀದರ್ ಸರ್ ಹೇಳಿದಂಗ ಬಯಾಸ್ ನೋಡಿದೆ, ಒಂದು ಗೆರಿ ಇಲ್ಲ, ಕನ್ನಡಿ ಹಂಗ ಅದ. ರಿಲಯಬಿಲಿಟಿ ಒಳಗ ನೋಡಿದ್ರ ಬುಧವಾರ ತನಕ ಒಂದೂ ಕೆಂಪಿಲ್ಲ, ಬುಧವಾರ ರಾತ್ರಿ ಡಿಸ್‌ಪ್ಲೇ ಡ್ರೈವರ್ ತಾನೇ ಅಪ್‌ಡೇಟ್ ಆಗ್ಯಾದ, ಗುರುವಾರದಿಂದ ದಿನಾ ಕೆಂಪು. ಬಗ್‌ಚೆಕ್ ಕೋಡೂ 278 ಅದ. ಡಿವೈಸ್ ಮ್ಯಾನೇಜರ್ ಒಳಗ ರೋಲ್‌ಬ್ಯಾಕ್ (ಹಳೇ ಡ್ರೈವರ್ ವಾಪಸ್ ತರೋದು) ಮಾಡ್ಬೇಕಂದ್ರ ಆ ಬಟನ್ ಬೂದಿ ಬಣ್ಣ ಆಗ್ಯಾದ, ಒತ್ತಾಕ ಬರವಲ್ದು. ಈಗ ಏನ್ ಮಾಡ್ಲಿ?

ಬೀದರ್_ಹಾರ್ಡ್‌ವೇರ್:
ಬುಧವಾರ, ಗುರುವಾರ ಅಷ್ಟು ಸಾಫ್ ಕಾಣ್ಲತ್ತದ ಅಂದ್ರ ಕಾರ್ಡಿನ ಮ್ಯಾಲಿನ ಗುಮಾನಿ ಭಾಳ ಕಡಿಮಿ ಆಯ್ತು. ರೋಲ್‌ಬ್ಯಾಕ್ ಬಟನ್ ಬೂದಿ ಇದ್ರ ಹಳೇ ಡ್ರೈವರ್ ಉಳದಿಲ್ಲ ಅಂತ ಅರ್ಥ, ಪೂರಾ ತಗದು ಹೊಸದಾಗಿ ಹಾಕ್ಬೇಕು.

ಡಿಡಿಯು ಅಂತ ಒಂದು ಫ್ರೀ ಟೂಲ್ ಅದ, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್. ಅದನ್ನೂ, ಹಾಕೋ ಡ್ರೈವರನ್ನೂ ಮೊದಲೇ ಡೌನ್‌ಲೋಡ್ ಮಾಡಿ ಇಟ್ಟುಕೋರಿ, ಆಮ್ಯಾಲ ನೆಟ್ ಕೇಬಲ್ ಕಿತ್ತಿಡ್ರಿ, ವೈಫೈನೂ ಆಫ್. ಇದು ಮರೀಬ್ಯಾಡ್ರಿ, ಯಾಕಂದ್ರ ಡ್ರೈವರ್ ತಗದ ಕೂಡ್ಲೇ ನೆಟ್ ಸಿಕ್ಕಿತಂದ್ರ ವಿಂಡೋಸ್ ಅದೇ ಕೆಟ್ಟ ಡ್ರೈವರ್ ಮತ್ತ ತಂದು ಹಾಕ್ತದ. ಶಿಫ್ಟ್ ಒತ್ತಿ ಹಿಡ್ಕೊಂಡು ರೀಸ್ಟಾರ್ಟ್ ಕೊಡ್ರಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಅಲ್ಲಿ ರೀಸ್ಟಾರ್ಟ್ ಒತ್ತಿ, ಪಟ್ಟಿ ಬಂದ ಮ್ಯಾಲ 4 ಒತ್ತಿದ್ರ ಸೇಫ್ ಮೋಡ್ (ಬರೇ ಅಗತ್ಯದ ಡ್ರೈವರ್ ಮ್ಯಾಲ ನಡಿಯೋ ವಿಂಡೋಸ್). ಬಿಟ್‌ಲಾಕರ್ (ಡಿಸ್ಕಿನ ಡೇಟಾಕ್ಕ ಹಾಕೋ ಬೀಗ) ಚಾಲೂ ಇದ್ರ ಅದರ ರಿಕವರಿ ಕೀ ಮೊದಲ ಬರದಿಟ್ಟುಕೋರಿ, ಇಲ್ಲಂದ್ರ ಅಲ್ಲೇ ಸಿಕ್ಕೋತೀರಿ. ಸೇಫ್ ಮೋಡ್ ಒಳಗ ಡಿಡಿಯು ಓಡಿಸಿ ಕ್ಲೀನ್ ಅಂಡ್ ರೀಸ್ಟಾರ್ಟ್. ವಾಪಸ್ ಬಂದಾಗ ಅಕ್ಷರ ದೊಡ್ಡದೊಡ್ಡವಾಗಿ ಕಾಣ್ತಾವ, ಅಂಜಬ್ಯಾಡ್ರಿ, ಆಗ ಮೈಕ್ರೋಸಾಫ್ಟಿನ ಬೇಸಿಕ್ ಡಿಸ್‌ಪ್ಲೇ ಮ್ಯಾಲ ನಡದಿರ್ತದ. ಈಗ ಡ್ರೈವರ್ ಹಾಕ್ರಿ, ಮತ್ತೊಮ್ಮೆ ರೀಸ್ಟಾರ್ಟ್ ಮಾಡಿದ ಮ್ಯಾಲೇ ನೆಟ್ ಹಚ್ಚರಿ.

ಶಹಾಪುರ_ಎಡಿಟರ್:
ಒಂದು ಮಾತು ಸೇರಸ್ತೀನಿ ಸರ್. ಎಲ್ಲಾರೂ 'ಲೇಟೆಸ್ಟ್ ಹಾಕು' ಅಂತಾರ, ಹಳೇ ಕಾರ್ಡಿಗೆ ಅದು ನಡಿಯಂಗಿಲ್ಲ. ಎನ್‌ವಿಡಿಯಾ ಜಿಟಿಎಕ್ಸ್ 900, 1000 ಸೀರೀಸ್ ಇದ್ದ್ರ 580 ಬ್ರ್ಯಾಂಚಿನ ಡ್ರೈವರೇ ಕಡೀದು, 2025ರ ಅಕ್ಟೋಬರ್ ಆದ ಮ್ಯಾಲ ಅವಕ್ಕ ಬರೇ ಸೆಕ್ಯುರಿಟಿ ಅಪ್‌ಡೇಟ್, ಅದೂ 2028ರ ಅಕ್ಟೋಬರ್ ತನಕ. ಅದಕ್ಕ ಕಂಪನಿ ಸೈಟಿನಾಗ ನಿಮ್ಮ ಕಾರ್ಡಿನ ಹೆಸರು ಆರಿಸಿಯೇ ತಗೋರಿ. ಗೇಮ್ ಡ್ರೈವರ್, ಸ್ಟುಡಿಯೋ ಡ್ರೈವರ್ ಎರಡೂ ಕಂಡ್ರ ನಮ್ಮಂಥ ಎಡಿಟಿಂಗ್ ಮಂದಿಗೆ ಸ್ಟುಡಿಯೋದು ಛಲೋ. ಗೂಗಲ್ ಒಳಗ ಬರೋ 'ಡ್ರೈವರ್ ಅಪ್‌ಡೇಟರ್' ಸಾಫ್ಟ್‌ವೇರ್ ಮುಟ್ಟಲೇಬ್ಯಾಡ್ರಿ.

ಡ್ರೈವರ್ ತೊಂದರಿ ಹೊಸಾದೇನಲ್ಲ. 2010ರ ಮಾರ್ಚ್ ಒಳಗ ಎನ್‌ವಿಡಿಯಾದ 196.75 ಡ್ರೈವರ್ ಫ್ಯಾನ್ ಸರಿ ತಿರುಗಿಸ್ಲಾರದ ಕಾರ್ಡ್ ಕಾಯಸ್ಲತ್ತದ ಅಂತ ಕಂಪನಿಯೇ ಸೈಟಿನಿಂದ ತಗದಿತ್ತು. ಅದಕ್ಕ ನಾನು ಹೊಸ ಡ್ರೈವರ್ ಬಂದ ಕೂಡ್ಲೇ ಹಾಕಂಗಿಲ್ಲ, ಕೈಯಾಗಿನ ಕೆಲಸ ಮುಗಿಲಿ ಅಂತೀನಿ.

ಸೇಡಂರೋಡ್_ಸ್ಟುಡಿಯೋ:
ಆಯ್ತ್ರಿ ಸರ್! ಡಿಡಿಯು ಹಾಕಿ ತಗದು ಸ್ಟುಡಿಯೋ ಡ್ರೈವರ್ ಹಾಕೀನಿ. ರೆಂಡರರ್ ವಾಪಸ್ ಕಾರ್ಡ್ ಮ್ಯಾಲ ಇಟ್ಟು ಒಂದು ಪೂರಾ ಮದುವಿ ಹೈಲೈಟ್ ಎಕ್ಸ್‌ಪೋರ್ಟ್ ಮಾಡೀನಿ, ಎಲ್ಲೂ ಕರ್ರಗಾಗ್ಲಿಲ್ಲ. 4101 ಒಂದೂ ಹೊಸಾದು ಇಲ್ಲ. ಭಾಲ್ಕಿ ತಮ್ಮ ಹೇಳಿದ್ದಕ್ಕ ಡಬ್ಬಿ ತೆರದು ಫ್ಯಾನಿನ ಧೂಳಾನೂ ತಗದೀನಿ, ರೆಂಡರ್ ಟೈಮಿಗೆ 71 ಡಿಗ್ರಿ ತೋರಿಸ್ಲತ್ತದ. ಇಷ್ಟು ನಡೀತದಾ? ಮತ್ತ ಇನ್ನೊಂದು ಸಲ ವಿಂಡೋಸ್ ತಾನೇ ಡ್ರೈವರ್ ಹಾಕಲಾರದಂಗ ಏನರೆ ಮಾಡಾಕ ಬರ್ತದಾ?

ಬೀದರ್_ಹಾರ್ಡ್‌ವೇರ್:
71 ಆರಾಮ್ ಅದ, 85 ದಾಟ್ಲತ್ತಿದ್ರ ಥರ್ಮಲ್ ಪೇಸ್ಟ್ ಬದಲ್ ಮಾಡಸ್ರಿ. ಡ್ರೈವರ್ ತಡಿಯಾಕ ಸ್ಟಾರ್ಟ್ ಒಳಗ 'ಡಿವೈಸ್ ಇನ್‌ಸ್ಟಾಲೇಶನ್ ಸೆಟ್ಟಿಂಗ್ಸ್' ಅಂತ ಹುಡುಕಿ 'ನೋ' ಇಡ್ರಿ. ಅದಾದ ಮ್ಯಾಲೂ ಅಪ್‌ಡೇಟ್ ದೊಡ್ಡದು ಬಂದಾಗ ಒಮ್ಮೆ ಡ್ರೈವರ್ ತಾರೀಖು ನೋಡ್ತಾ ಇರ್ರಿ. ಈಗ ಹಾಕಿದ ಡ್ರೈವರ್ ಫೈಲನ್ನ ಪೆನ್‌ಡ್ರೈವ್ ಒಳಗ ಇಟ್ಟು ಮ್ಯಾಲ ವರ್ಶನ್ ನಂಬರ್ ಬರೀರಿ, ಅಳಸಬ್ಯಾಡ್ರಿ.

ಸುರಪುರ_ಕಾಲೇಜ್:
ಸರ್, ನಂದು ಲ್ಯಾಪ್‌ಟಾಪು, ಕ್ರ್ಯಾಶ್ ಆಗ್ಲತ್ತದ, ಆದ್ರ ನೀಲಿ ಸ್ಕ್ರೀನ್ ಒಳಗ ಒಂದೊಂದು ಸಲ ಒಂದೊಂದು ಹೆಸರು ಬರ್ಲತ್ತದ. ನಾನೂ ಡಿಡಿಯು ಮಾಡ್ಲಾ?

ಬೀದರ್_ಹಾರ್ಡ್‌ವೇರ್:
ನೀ ಬ್ಯಾಡಪ್ಪಾ, ಹೆಸರು ಬದಲ್ ಆಗ್ಲತ್ತಾವ ಅಂದ್ರ ಮೊದಲ ರ‍್ಯಾಮ್ ನೋಡು. ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ರಾತ್ರಿ ಹಚ್ಚಿ ಬಿಡು, ಬಂದಿದ್ದು ಬ್ಯಾರೆ ಥ್ರೆಡ್ ಹಾಕಿ ಬರಿ, ಮಿನಿಡಂಪ್ (ಕ್ರ್ಯಾಶ್ ಆದಾಗ ವಿಂಡೋಸ್ ಬರದಿಡೋ) ಫೈಲೂ ಜೋಡಿ ಹಾಕು, ನೋಡಿ ಹೇಳ್ತೀನಿ.