ಪದ ಬೇಕು: ಸ್ಪೀಕರ್ ಒಳಗಿನ "ಡ್ರೈವರ್"

ಗೆಳೆಯರೆ, ಸ್ವಲ್ಪ ಅರ್ಜೆಂಟು. ಸ್ಪೀಕರ್ ಜೊತೆ ಕೊಡುವ ಎಚ್ಚರಿಕೆ ಚೀಟಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಮೊದಲ ಸಾಲೇ ಹೀಗಿದೆ: "ಡ್ರೈವರ್ ಜಾರಿ ಡ್ರೈವರ್ ಹರಿಯದಂತೆ ರಟ್ಟು ಅಡ್ಡ ಹಿಡಿಯಿರಿ." ಒಂದು ಸ್ಕ್ರೂ ತಿರುಗಿಸುವುದು, ಇನ್ನೊಂದು ಕೋನ್ ಅನ್ನುವ ಅಲುಗುವ ತೆಳು ಭಾಗ, ತಂತಿ ಸುತ್ತಿದ ಕಾಯಿಲ್, ಮ್ಯಾಗ್ನೆಟ್ ಎಲ್ಲ ಸೇರಿ ಸದ್ದು ಮಾಡುವುದು. ಓದುವವರು ಫಿಟ್ಟಿಂಗ್ ಮಾಡುವ ಹುಡುಗರು. ಇನ್ನೊಂದು, ಎಲ್ಲ ಥರದ ಪೆಟ್ಟಿಗೂ "ಹಾನಿ" ಅಂದರೆ ಸಾಕಾ?

-----

ಚಾಲಕ. ಚರ್ಚೆ ಯಾಕೆ?

-----

> ಚಾಲಕ.

"ಚಾಲಕನ ಬಾಯಿಗೆ ರಟ್ಟು ಹಿಡಿಯಿರಿ" ಅಂತ ಅಚ್ಚು ಹಾಕಿಸಿ, ಚೆನ್ನಾಗಿರುತ್ತದೆ.

ನಮ್ಮಲ್ಲಿ "ಉಲಿ" ಇದೆ. ಉಲಿಯುವುದು ಉಲಿಗ. ಮುಗಿಯಿತು. ಮೊದಲನೆಯ ಡ್ರೈವರ್‌ಗೆ ತಿರುಪುಳಿ ಅನ್ನಿ, ತಿರುಪುವ ಉಳಿ. ಇಷ್ಟು ಒಳ್ಳೆ ಪದ ಇಟ್ಟುಕೊಂಡು ಎರಡು ಡ್ರೈವರ್ ಸಾಕುವ ಕರ್ಮ ನಮಗೇಕೆ?

-----

ತಿರುಪುಳಿ ತಮಿಳಿನಿಂದ ಬಂದದ್ದು. ನಮ್ಮದೇ ಆಗಿದ್ದರೆ ಹಳಗನ್ನಡದ ಪಕಾರ ಹಕಾರವಾಗಿ "ತಿರುಹುಳಿ" ಆಗಬೇಕಿತ್ತು. ಇಂಗ್ಲಿಷ್ ಸಾಲ ಬೇಡ, ತಮಿಳು ಸಾಲ ಆಗಬಹುದು, ಇದು ಯಾವ ನ್ಯಾಯ?

-----

> "ತಿರುಹುಳಿ" ಆಗಬೇಕಿತ್ತು

ನೆನಪು ನೆನಹು ಆಗಿಬಿಟ್ಟು ಕಾಣೆಯಾಯಿತಾ? ಹೊಳಪು, ಬಿಳುಪು, ನುಣುಪು ಎಲ್ಲ ತಮಿಳಾ? ತಿರುಹು ಕ್ರಿಯಾಪದ. ತಿರುಪು ಕ್ರಿಯಾಪದವೂ ಹೌದು, ನಾಮಪದವೂ ಹೌದು, ಅದರ ಪಕಾರ ಉಳಿಯಿತು. ಸುಮ್ನೆ ಅರ್ಧ ನಿಯಮ ಹೇಳಬೇಡಿ.

-----

ನಾನು ಸ್ಪೀಕರ್ ರಿಪೇರಿ ಮಾಡುವವನು, ವ್ಯಾಕರಣ ಗೊತ್ತಿಲ್ಲ. ನಾವು ಆ ಭಾಗಕ್ಕೂ ಸ್ಪೀಕರ್ ಅಂತಲೇ ಅನ್ನುತ್ತೇವೆ, ಮರದ ಡಬ್ಬಕ್ಕೆ ಬಾಕ್ಸ್. ಅಲ್ಲಿಗೆ ನಿಮ್ಮ ತೊಂದರೆ ತೀರಿತು ಅಲ್ವಾ?

"ಹಾನಿ" ಮಾತ್ರ ಸಾಲದು. ಒಂದೊಂದು ಪೆಟ್ಟಿಗೂ ಮದ್ದು ಬೇರೆ. ನಡುವಿನ ಮುಚ್ಚಳ, ಅಂದರೆ ಡಸ್ಟ್ ಕ್ಯಾಪ್, ಒತ್ತಿ ಒಳಗೆ ಹೋದರೆ "ನಗ್ಗಿದೆ" ಅನ್ನುತ್ತೇವೆ. ಅಂಟುಪಟ್ಟಿ ಹಚ್ಚಿ ಮೆಲ್ಲಗೆ ಎಳೆದರೆ ಎಷ್ಟೋ ಸಲ ಹೊರಗೆ ಬರುತ್ತದೆ. ಪೇಪರ್ ಕೋನ್ "ತೂತಾದರೆ" ಅಥವಾ "ಸೀಳಿದರೆ" ತೆಳು ಟಿಶ್ಯೂ ಪೇಪರನ್ನು ಬಿಳಿ ಅಂಟಿನಲ್ಲಿ ಅದ್ದಿ ಹಿಂದೆ ಮುಂದೆ ಹಚ್ಚಬೇಕು. ಅಂಟು ಜಾಸ್ತಿ ಆದರೆ ಕೋನ್ ಭಾರವಾಗಿ ಸದ್ದು ಕೆಡುತ್ತದೆ. ಸುತ್ತಲಿನ ರಬ್ಬರ್ ಅಂಚು ಹರಿದರೆ ಈ ಅಂಟು ನಿಲ್ಲುವುದಿಲ್ಲ, ಅದು ಸದಾ ಅಲ್ಲಾಡುವ ಜಾಗ, ಒಣಗಿದ ಮೇಲೂ ಬಾಗುವ ಅಂಟು ಬೇಕು. ಸೂಪರ್ ಗ್ಲೂ ಹಾಕಿದರೆ ಕಲ್ಲಿನ ಹಾಗೆ ಗಟ್ಟಿಯಾಗಿ ಪಕ್ಕದಲ್ಲೇ ಹೊಸದಾಗಿ ಬಿರಿಯುತ್ತದೆ. ಟ್ವೀಟರ್, ಅಂದರೆ ಕೀಚು ಸದ್ದಿನ ಚಿಕ್ಕ ಸ್ಪೀಕರ್, ಅದರ ಲೋಹದ ಗುಬುಟು ನಗ್ಗಿದರೆ ಸರಿಯಾಗುವುದು ಕಷ್ಟ, ಆ ಭಾಗ ಬದಲಿಸುವುದೇ ವಾಸಿ.

ತುದಿ ಜಾರುವುದಕ್ಕೆ ಕಾರಣವನ್ನೂ ಚೀಟಿಯಲ್ಲಿ ಬರೆಯಿರಿ. ಸ್ಪೀಕರ್‌ನ ಮ್ಯಾಗ್ನೆಟ್ ಕಬ್ಬಿಣದ ತುದಿಯನ್ನು ಎಳೆದುಕೊಳ್ಳುತ್ತದೆ, ಸ್ಕ್ರೂ ತಲೆಯಿಂದ ತಪ್ಪಿತು ಅಂದರೆ ಸೀದಾ ಕೋನ್ ಮೇಲೆ. ಅದಕ್ಕೇ ರಟ್ಟು ಅಡ್ಡ ಇಡುವುದು, ಕೊನೆಯ ಸುತ್ತುಗಳನ್ನು ಮಿಷನ್ ಬಿಟ್ಟು ಕೈಯಲ್ಲೇ ತಿರುಗಿಸುವುದು. ಒಂದೇ ಕಡೆ ಬಿಗಿ ಮಾಡಿದರೆ ಚೌಕಟ್ಟು ಸೊಟ್ಟಗಾಗಿ ಕಾಯಿಲ್ ಉಜ್ಜಬಹುದು, ಆದ್ದರಿಂದ ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ತೂತು ಕೊರೆಯುವಾಗ ಸ್ಪೀಕರ್ ದೂರ ಇರಲಿ. ಕಬ್ಬಿಣದ ಪುಡಿ ಕಾಯಿಲ್ ಸಂದಿಗೆ ಹೊಕ್ಕರೆ ಗರಗರ ಶುರು, ತೆಗೆಯುವುದು ದೊಡ್ಡ ತಲೆನೋವು.

-----

ಕೋನ್, ಕಾಯಿಲ್, ಟಿಶ್ಯೂ, ಗ್ಲೂ, ಕ್ಯಾಪ್. ಇದನ್ನು ಕನ್ನಡ ಅನ್ನೋಣವೇ? ಕೋನ್ ಆಕಾರಕ್ಕೆ "ಆಲಿಕೆ" ಇಲ್ಲವೇ?

-----

ಆಲಿಕೆಗೆ ಕೆಳಗೆ ತೂತಿರುತ್ತದೆ. ತೂತಾಗಬಾರದು ಅನ್ನುವುದೇ ಚೀಟಿಯ ಉದ್ದೇಶ. ಎರವಲು ಪದ ಕಂಡ ಕೂಡಲೇ ಮೈ ಮೇಲೆ ಬಂದವರ ಹಾಗೆ ಆಡುವುದು ಸಾಕು. ಕುರ್ಚಿ, ಮೇಜು, ಸಾಬೂನು ಹೊರಗೆ ಹಾಕಿ ಬನ್ನಿ, ಆಮೇಲೆ ಕೋನ್ ನೋಡೋಣ.

-----

ಎಲ್ಲರಿಗೂ ಥ್ಯಾಂಕ್ಸ್. ಉಲಿಗ ಇಷ್ಟವಾಯಿತು, ಆದರೆ ಚೀಟಿಯಲ್ಲೇ ಅದನ್ನು ವಿವರಿಸುತ್ತಾ ಕೂರಲು ಜಾಗ ಇಲ್ಲ. ಹೀಗೆ ಕಳಿಸುತ್ತಿದ್ದೇನೆ: "ಸ್ಕ್ರೂಡ್ರೈವರ್ ತುದಿಯನ್ನು ಮ್ಯಾಗ್ನೆಟ್ ಎಳೆಯುತ್ತದೆ. ಜಾರಿ ಕೋನ್‌ಗೆ ತಾಗದಂತೆ ಸ್ಪೀಕರ್ ಮುಂದೆ ರಟ್ಟು ಇಡಿ. ನಗ್ಗಿದರೆ, ತೂತಾದರೆ, ಹರಿದರೆ ಚೀಟಿಯ ಹಿಂಬದಿ ನೋಡಿ."

-----

"ನೆಗ್ಗಿದರೆ" ಅಂತ ತಿದ್ದಿ.

-----

ಎರಡೂ ಇವೆ. ಅಚ್ಚಿಗೆ ಕಳಿಸಿ.